ಮೊದಲು ಫೈಲು, ಕೊನೆಗೆ ಲಿನಕ್ಸ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು ನಿಂತವು. ನೋಂದಾಯಿಸಿಕೊಂಡವರಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷದ ಅವಕಾಶ ಕೊಟ್ಟಿತು, ಆದರೆ ಅದು ತಾತ್ಕಾಲಿಕ ಏರ್ಪಾಡು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅಂದರೆ 2017ಕ್ಕೂ ಹಿಂದೆ ಕೊಂಡ ಲ್ಯಾಪ್‌ಟಾಪುಗಳು ಬಹುತೇಕ ಲೆಕ್ಕದಿಂದ ಹೊರಗೆ. ಪರದೆ ಚೆನ್ನಾಗಿದೆ, ಕೀಬೋರ್ಡ್ ಗಟ್ಟಿಯಾಗಿದೆ, ಕೆಲಸಕ್ಕೆ ಏನೂ ತೊಂದರೆಯಿಲ್ಲ. ಅಂಥ ಯಂತ್ರವನ್ನು ಗುಜರಿಗೆ ಕೊಡಲು ಮನಸ್ಸು ಬಾರದೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಕಡೆ ನೋಡುತ್ತಿರುವವರಲ್ಲಿ ಮೇಷ್ಟ್ರುಗಳಿದ್ದಾರೆ, ಸಹಕಾರ ಸಂಘದ ಗುಮಾಸ್ತರಿದ್ದಾರೆ, ಡಿಟಿಪಿ ಅಂಗಡಿಯವರಿದ್ದಾರೆ, ಕಾಲೇಜು ಹುಡುಗರೂ ಇದ್ದಾರೆ.

ಹೀಗೆ ಹೋದವರಲ್ಲಿ ಎಷ್ಟೋ ಮಂದಿ ವಾರದೊಳಗೆ ವಾಪಸು ಬರುತ್ತಾರೆ. ಕೇಳಿದರೆ ‘ಲಿನಕ್ಸ್ ಕಷ್ಟ’ ಎನ್ನುತ್ತಾರೆ. ಕೂತು ವಿಚಾರಿಸಿದರೆ ಕಷ್ಟ ಬೇರೆಲ್ಲೋ ಇರುತ್ತದೆ. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು ತೆರೆಯಲಿಲ್ಲ. ನುಡಿ ತಂತ್ರಾಂಶದಲ್ಲಿ ಓಡುತ್ತಿದ್ದ ಬೆರಳು ತಡವರಿಸಿತು. ಪ್ರಿಂಟರ್ ಮಾತು ಕೇಳಲಿಲ್ಲ. ಜಿಎಸ್‌ಟಿ ಸಲ್ಲಿಸುವ ದಿನ ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡಲಿಲ್ಲ. ಇವೆಲ್ಲ ಕಾರ್ಯಾಚರಣ ವ್ಯವಸ್ಥೆಯ ಸುತ್ತ ವರ್ಷಗಟ್ಟಲೆ ಬೆಳೆದುಕೊಂಡ ಗಂಟುಗಳು. ಗಂಟು ಬಿಡಿಸದೆ ವ್ಯವಸ್ಥೆಯನ್ನು ಎಳೆದರೆ ಹರಿಯುವುದು ನಮ್ಮ ಕೆಲಸವೇ. ಆದ್ದರಿಂದ ನನ್ನ ಸಲಹೆ ಕ್ರಮದ ಬಗೆಗೆ: ಫೈಲುಗಳನ್ನು ಮೊದಲು ಬದಲಿಸಿ, ತಂತ್ರಾಂಶಗಳನ್ನು ಆಮೇಲೆ ಬದಲಿಸಿ, ಲಿನಕ್ಸ್ ಕೊನೆಗೆ ಬರಲಿ.

ದೊಡ್ಡ ಸಂಸ್ಥೆಗಳಲ್ಲೂ ಈ ಕ್ರಮ ಫಲ ಕೊಟ್ಟಿದೆ. ಫ್ರಾನ್ಸಿನ ಜೆಂಡರ್ಮರಿ, ಅಂದರೆ ಗ್ರಾಮೀಣ ಭಾಗದ ಪೊಲೀಸ್ ಕೆಲಸವನ್ನೂ ನೋಡಿಕೊಳ್ಳುವ ಸೈನಿಕ ಪಡೆ, 2005ರಲ್ಲಿ ವಿಂಡೋಸನ್ನು ಹಾಗೇ ಇಟ್ಟುಕೊಂಡು ಆಫೀಸ್ ತಂತ್ರಾಂಶವನ್ನಷ್ಟೇ ಓಪನ್‌ಆಫೀಸ್‌ಗೆ ಬದಲಿಸಿತು. ಬಳಿಕ ಫೈರ್‌ಫಾಕ್ಸ್, ಥಂಡರ್‌ಬರ್ಡ್ ಬಂದವು. ಇವಕ್ಕೆ ಜನ ಒಗ್ಗಿದ ಮೇಲೆ, 2008ರಿಂದ, ಉಬುಂಟು ಎಂಬ ಲಿನಕ್ಸ್ ಹಾಕುತ್ತ ಹೋದರು. ಬೆಳಿಗ್ಗೆ ಬಂದು ಕೂತ ಸಿಬ್ಬಂದಿಗೆ ತೆರೆಯ ಹಿನ್ನೆಲೆ ಬದಲಾಗಿತ್ತು, ದಿನಾ ಬಳಸುವ ತಂತ್ರಾಂಶ ಅದೇ ಇತ್ತು. ಜರ್ಮನಿಯ ಮ್ಯೂನಿಕ್ ನಗರಾಡಳಿತದ ಕತೆ ಬೇರೆ. 2003ರಲ್ಲಿ ನಿರ್ಧರಿಸಿ, 2013ರ ಹೊತ್ತಿಗೆ ಹದಿನೈದು ಸಾವಿರದಷ್ಟು ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದ ಆ ನಗರ 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಅದರಲ್ಲಿ ರಾಜಕೀಯವೂ ಇತ್ತು. ಆದರೆ ಹೊರಗಿನವರ ಜೊತೆ ದಾಖಲೆ ಹಂಚಿಕೊಳ್ಳುವುದೇ ತಲೆನೋವೆಂಬ ದೂರು ಕೊನೆವರೆಗೂ ಹೋಗಲಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವೇ ಲಿನಕ್ಸಿನಂಥ ಸ್ವತಂತ್ರ ತಂತ್ರಾಂಶದಲ್ಲಿ ನಡೆಯುತ್ತದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ಪಾಠ. ಅವರು ಬಿಡಬೇಕಾದ ಹಳೆಯದೇನೂ ಇಲ್ಲ, ಹಾಗಾಗಿ ಲಿನಕ್ಸ್ ಅವರಿಗೆ ಕಷ್ಟವೆನಿಸುವುದೂ ಇಲ್ಲ. ನಮಗೆ ಹಳೆಯದಿದೆ.

ಹಳೆಯ ಕನ್ನಡ ಫೈಲುಗಳು

ಕನ್ನಡಿಗರ ಮಟ್ಟಿಗೆ ಅತಿ ದೊಡ್ಡ ಗಂಟು ಇದು. ಪೇಟೆಯಲ್ಲಿ ಸಿಗುವ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಪತ್ರಿಕೆ–ಮುದ್ರಣಾಲಯಗಳಲ್ಲಿ ನೆಲೆಯೂರಿದ ಶ್ರೀಲಿಪಿ, ಇವು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಗೆ ಆ ಕಾಲಕ್ಕೆ ಬೆಂಬಲ ಸರಿಯಾಗಿ ಇರಲಿಲ್ಲವಾದ್ದರಿಂದ ಅವು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದವು. ಇದನ್ನೇ ನಾವು ಆಸ್ಕಿ ಫಾಂಟ್ ಎನ್ನುವುದು. ಆ ಫೈಲಿನೊಳಗೆ ಕಂಪ್ಯೂಟರ್ ಮಟ್ಟಿಗೆ ಕನ್ನಡವಿಲ್ಲ, ಇರುವುದು ಯೂರೋಪಿನ ಅಕ್ಷರಗಳು. ನುಡಿಯ ಫಾಂಟ್ ಎದುರಿಗಿದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಲಿನಕ್ಸಿನಲ್ಲಿ ತೆರೆದರೆ ನೆತ್ತಿಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಎಷ್ಟೋ ಜನ ಅದನ್ನು ನೋಡಿ ಫೈಲೇ ಹಾಳಾಯಿತೆಂದು ಗಾಬರಿಯಾಗುತ್ತಾರೆ. ಹಾಳಾಗಿರುವುದಿಲ್ಲ.

ತುರ್ತಿಗೆ ಒಂದು ದಾರಿಯಿದೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಟಿಟಿಎಫ್ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬಂದು ಲಿನಕ್ಸಿನಲ್ಲಿ ಒಂದೊಂದನ್ನೂ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಹಳೆಯ ಫೈಲು ಓದಲು, ಮುದ್ರಿಸಲು ಅಷ್ಟು ಸಾಕು. ಅದನ್ನು ತಿದ್ದಲು ಸಾಲದು, ಏಕೆಂದರೆ ಆಸ್ಕಿಯಲ್ಲಿ ಹೊಸದಾಗಿ ಬೆರಳಚ್ಚಿಸಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸಿಗೆ ಮಾಡಿದ್ದು.

ನಿಜವಾದ ಪರಿಹಾರ ಯೂನಿಕೋಡಿಗೆ ಪರಿವರ್ತಿಸುವುದು. ಈ ಕೆಲಸವನ್ನು ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಮುಗಿಸಿ ಎಂದು ಒತ್ತಿ ಹೇಳುತ್ತೇನೆ. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ. ಅಂತರ್ಜಾಲದಲ್ಲೂ ಉಚಿತ ಪರಿವರ್ತಕಗಳಿವೆ, ಆದರೆ ಗುಟ್ಟಿನ ಕಚೇರಿ ದಾಖಲೆಗಳನ್ನು ಅಲ್ಲಿ ಅಂಟಿಸಬೇಡಿ. ಪರಿವರ್ತಿಸಿದ ಮೇಲೆ ಮೂಲ ಫೈಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೆಲವನ್ನು ಕಣ್ಣಾರೆ ನೋಡಲೇಬೇಕು. ಮೊದಲು ಅರ್ಕಾವತ್ತು: ‘ಸೂರ್ಯ’, ‘ಕಾರ್ಯದರ್ಶಿ’ಯಂಥ ಪದಗಳಲ್ಲಿ ಅದು ಸರಿಯಾದ ಅಕ್ಷರಕ್ಕೆ ಸೇರಿದೆಯೇ? ನಡುವೆ ಇದ್ದ ಇಂಗ್ಲಿಷ್ ಪದಗಳು: ಪರಿವರ್ತಕಕ್ಕೆ ಫಾಂಟಿನ ಭೇದ ತಿಳಿಯದಿದ್ದರೆ ಅವನ್ನೂ ಕನ್ನಡವೆಂದು ಓದಿ ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಬರೀ ಪಠ್ಯವನ್ನು ಅಂಟಿಸಿ ಪರಿವರ್ತಿಸಿದರೆ ಕೋಷ್ಟಕ, ದಪ್ಪಕ್ಷರ, ಅಡಿಗೆರೆ ಕಳೆದುಹೋಗುತ್ತವೆ, ಆದ್ದರಿಂದ ಕೋಷ್ಟಕ ತುಂಬಿದ ಫೈಲುಗಳಿಗೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಎಲ್ಲವನ್ನೂ ಪರಿವರ್ತಿಸುವ ಅಗತ್ಯವೂ ಇಲ್ಲ. ಮುಂದೆ ತಿದ್ದಿ ಬಳಸುವಂಥವನ್ನು ಪರಿವರ್ತಿಸಿ, ಓದಿಗಷ್ಟೇ ಸಾಕಾದವನ್ನು ಪಿಡಿಎಫ್ ಮಾಡಿಡಿ.

ಈ ಶ್ರಮ ಲಿನಕ್ಸಿಗಾಗಿ ಮಾತ್ರ ಮಾಡುವುದಲ್ಲ. ಆಸ್ಕಿ ಫೈಲಿನಲ್ಲಿ ಹೆಸರೊಂದನ್ನು ಹುಡುಕಲಾಗದು, ಮತದಾರರ ಪಟ್ಟಿಯಂಥದ್ದನ್ನು ಅಕಾರಾದಿಯಾಗಿ ಜೋಡಿಸಲಾಗದು, ಫೋನಿನಲ್ಲಿ ತೆರೆಯಲಾಗದು. ನೀವು ಕೊನೆಗೆ ವಿಂಡೋಸಿನಲ್ಲೇ ಉಳಿದರೂ ಯೂನಿಕೋಡಿಗೆ ಬಂದ ಪ್ರತಿ ಪುಟವೂ ಲಾಭವೇ. ಊರಿನ ದೇವಸ್ಥಾನದ ಸ್ಮರಣ ಸಂಚಿಕೆ, ಶಾಲೆಯ ನಾಟಕ, ತೀರಿಕೊಂಡ ಹಿರಿಯರ ಬರಹ ಎಷ್ಟೋ ಈಗಲೂ ಆಸ್ಕಿಯಲ್ಲೇ ಕೂತಿವೆ. ಅವು ಓದಲಾಗದೆ ಹೋಗುವ ಮೊದಲು ಯಾರಾದರೂ ಈ ಕೆಲಸ ಮಾಡಲೇಬೇಕು.

ಫೈಲಿನ ಹೆಸರಿನಲ್ಲೂ ಒಂದು ಸೂಕ್ಷ್ಮವಿದೆ. ಲಿನಕ್ಸಿನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 85 ಸಂಕೇತಗಳು. ‘ಕ್ಷಿ’ ಎಂಬ ಒಂದೇ ಅಕ್ಷರಕ್ಕೆ ಕ, ಹಲಂತ ಚಿಹ್ನೆ, ಷ, ಗುಡಿಸು ಸೇರಿ ನಾಲ್ಕು ಸಂಕೇತ ಹೋಗುತ್ತದೆ. ಲೇಖನದ ಶೀರ್ಷಿಕೆಯನ್ನೇ ಉದ್ದುದ್ದ ಹೆಸರಾಗಿ ಇಟ್ಟವರಿಗೆ ನಕಲಿಸುವಾಗ ಕೆಲವು ಫೈಲು ಮಾತ್ರ ಬಾರದೆ ನಿಲ್ಲುವುದು ಇದಕ್ಕೇ. ವಿಂಡೋಸಿನಲ್ಲಿರುವಾಗಲೇ ಹೆಸರು ಗಿಡ್ಡ ಮಾಡಿಕೊಳ್ಳಿ.

ಬೆರಳಿನ ಅಭ್ಯಾಸ

ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯಲ್ಲಿರುವುದು. ಎಫ್ ಕೀಲಿಯಿಂದ ಒತ್ತಕ್ಷರ ಕೂಡಿಸುವ ಆ ಅಭ್ಯಾಸ ಸಾವಿರಾರು ಬೆರಳುಗಳಲ್ಲಿ ಕೂತಿದೆ, ಅದನ್ನು ಬಿಡಬೇಕಾಗಿಲ್ಲ. ಲಿನಕ್ಸಿನಲ್ಲಿ ಐಬಸ್ ಎಂಬ ಬೆರಳಚ್ಚು ವ್ಯವಸ್ಥೆಗೆ ಎಂ17ಎನ್ ಎಂಬ ಪ್ಯಾಕೇಜ್ ಸೇರಿಸಿದರೆ ಕನ್ನಡದ ಹಲವು ವಿನ್ಯಾಸ ಒಟ್ಟಿಗೇ ಸಿಗುತ್ತವೆ. ನುಡಿಯವರು ‘ಕೆಜಿಪಿ’ ಆರಿಸಿಕೊಳ್ಳಲಿ, ಇಂಗ್ಲಿಷ್ ಉಚ್ಚಾರದಂತೆ ಬರೆಯುವ ಬರಹದವರಿಗೆ ‘ಐಟ್ರಾನ್ಸ್’ ಹತ್ತಿರವಾಗುತ್ತದೆ, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ.

ಇಲ್ಲಿ ಎಡವುವ ಜಾಗ ಒಂದಿದೆ. ಸೆಟ್ಟಿಂಗ್ಸಿನ ಕೀಬೋರ್ಡ್ ಪಟ್ಟಿಯಲ್ಲೇ ‘ಕನ್ನಡ, ಕಗಪ’ ಎಂಬ ಇನ್ನೊಂದು ಹೆಸರು ಕಾಣುತ್ತದೆ. ಅದನ್ನು ಆರಿಸಿದವರು ಕಾಗುಣಿತ ಕೂಡುತ್ತಿಲ್ಲವೆಂದು ದೂರುತ್ತಾರೆ. ಆ ಬಗೆಯ ವಿನ್ಯಾಸದಲ್ಲಿ ಒಂದು ಕೀಲಿಗೆ ಒಂದೇ ಸಂಕೇತ, ಹಿಂದೆ ಯಾವ ಅಕ್ಷರ ಬಂದಿತ್ತೆಂದು ಅದು ನೋಡುವುದಿಲ್ಲ. ವ್ಯಂಜನದ ಮುಂದೆ ಸ್ವರ ಬಂದರೆ ತಾನಾಗಿ ಚಿಹ್ನೆಯಾಗುವ ನುಡಿಯ ನಡೆ ಬೇಕಿದ್ದರೆ ಐಬಸ್ ಮೂಲಕವೇ ಹೋಗಬೇಕು. ಪ್ಯಾಕೇಜ್ ಹಾಕಿದ ತಕ್ಷಣ ಪಟ್ಟಿಯಲ್ಲಿ ಕಾಣದಿದ್ದರೆ ಒಮ್ಮೆ ಲಾಗ್ ಔಟ್ ಮಾಡಿ ಒಳಬನ್ನಿ. ಅರ್ಧ ಜನರ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಜೊತೆಗೆ ಸ್ಪೇಸ್ ಒತ್ತುವುದು ಸಾಮಾನ್ಯ ರೂಢಿ, ಬೇಕಾದಂತೆ ಬದಲಿಸಿಕೊಳ್ಳಬಹುದು.

ತಂತ್ರಾಂಶ ಬದಲಿಸುವ ಹಂತ

ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಜಿಂಪ್, ಇಂಕ್‌ಸ್ಕೇಪ್ ಇವೆಲ್ಲ ವಿಂಡೋಸಿನಲ್ಲೂ ಉಚಿತವಾಗಿ ಓಡುತ್ತವೆ. ಅಲ್ಲೇ ಹಾಕಿಕೊಂಡು, ಹಳೆಯ ತಂತ್ರಾಂಶವನ್ನೂ ಇಟ್ಟುಕೊಂಡು, ಒಂದೆರಡು ತಿಂಗಳು ನಿತ್ಯದ ಕೆಲಸವನ್ನು ಹೊಸದರಲ್ಲೇ ಮಾಡಿ. ಬರುವ ಕಿರಿಕಿರಿಯೆಲ್ಲ ಅಲ್ಲೇ ಬರಲಿ, ಆಗ ಬಿಡಿಸಿಕೊಳ್ಳಲು ಸಮಯವಿರುತ್ತದೆ.

ಲಿಬ್ರೆಆಫೀಸಿನಲ್ಲಿ ಕನ್ನಡಿಗರು ಮೊದಲು ಮಾಡಬೇಕಾದದ್ದು ಒಂದು ಟಿಕ್ ಹಾಕುವುದು. ಟೂಲ್ಸ್, ಆಪ್ಷನ್ಸ್ ಒಳಗಿನ ಭಾಷಾ ಸೆಟ್ಟಿಂಗಿನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂದಿದೆ, ಅದನ್ನು ಚಾಲೂ ಮಾಡಿ ಭಾಷೆಯಾಗಿ ಕನ್ನಡ ಆರಿಸಿ. ಈ ತಂತ್ರಾಂಶ ಇಂಗ್ಲಿಷ್ ಅಕ್ಷರಗಳಿಗೂ ಭಾರತೀಯ ಲಿಪಿಗಳಿಗೂ ಫಾಂಟ್, ಗಾತ್ರವನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಇದು ಗೊತ್ತಿಲ್ಲದಿದ್ದರೆ ಸ್ಟೈಲಿನಲ್ಲಿ 14 ಎಂದು ಕೊಟ್ಟರೂ ಕನ್ನಡದ ಗಾತ್ರ ಬದಲಾಗುವುದಿಲ್ಲ, ಎಲ್ಲಿ ತಪ್ಪಿತೆಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಎರಡನೆಯದು ಫಾಂಟ್. ವಿಂಡೋಸಿನ ತುಂಗಾ, ನಿರ್ಮಲಾ ಫಾಂಟುಗಳು ಲಿನಕ್ಸಿನ ಜೊತೆ ಬರುವುದಿಲ್ಲ. ಬೇರೆ ಫಾಂಟ್ ಅವುಗಳ ಜಾಗಕ್ಕೆ ಬಂದಾಗ ಸಾಲಿನ ಎತ್ತರ ಬದಲಾಗಿ ಎರಡು ಪುಟದ ಪ್ರಶ್ನೆಪತ್ರಿಕೆ ಎರಡೂಕಾಲು ಪುಟವಾಗುತ್ತದೆ. ಎರಡೂ ಕಡೆ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟನ್ನು ಈಗಿನಿಂದಲೇ ಬಳಸತೊಡಗಿ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ ದೀರ್ಘ ಪಠ್ಯಕ್ಕೆ ಚೆನ್ನ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಲಿನಕ್ಸಿನವರಿಗೆ ಹಳೆಯ ಪರಿಚಯ. ಟಿರೊ ಕನ್ನಡದಲ್ಲಿ ಪುಸ್ತಕದ ಅಕ್ಷರದ ಸೊಗಸಿದೆ, ತಲೆಬರಹಕ್ಕೆ ಬಾಲೂ ತಮ್ಮ ಒಪ್ಪುತ್ತದೆ. ಬೇರೆಯವರಿಗೆ ಕಳಿಸುವ ಅಂತಿಮ ಪ್ರತಿ ಪಿಡಿಎಫ್ ಆಗಿರಲಿ, ಅದರೊಳಗೆ ಫಾಂಟ್ ಸೇರಿಕೊಂಡೇ ಹೋಗುತ್ತದೆ.

ಎಕ್ಸೆಲ್ ಹಾಳೆಗಳಲ್ಲಿ ಸಾಮಾನ್ಯ ಸೂತ್ರಗಳು ತೊಂದರೆಯಿಲ್ಲದೆ ಬರುತ್ತವೆ. ಮ್ಯಾಕ್ರೊ ತುಂಬಿದ ಫೈಲುಗಳನ್ನು, ಇಲಾಖೆಯಿಂದ ಬರುವ ಸಂಬಳದ ಬಿಲ್ಲಿನ ಹಾಳೆಯಂಥವನ್ನು, ನಂಬಿ ಕೂರಬೇಡಿ. ಮುಂಚೆಯೇ ತೆರೆದು ಪರೀಕ್ಷಿಸಿ.

ಪೇಜ್‌ಮೇಕರ್ ಮೇಲೆ ನಿಂತ ಡಿಟಿಪಿ ಅಂಗಡಿಯವರಿಗೆ ನಾನು ಈಗಲೇ ಲಿನಕ್ಸ್ ಎನ್ನುವುದಿಲ್ಲ. 2001ರ ಆವೃತ್ತಿಯೇ ಅದರ ಕೊನೆಯದು, ಆದರೂ ಮದುವೆ ಪತ್ರಿಕೆಯಿಂದ ಪುಸ್ತಕದವರೆಗೆ ಅದರಲ್ಲಿ ಕೆಲಸ ನಡೆದೇ ಇದೆ. ಆ ಫೈಲುಗಳನ್ನು ಲಿನಕ್ಸಿನ ಸ್ಕ್ರೈಬಸಿಗೆ ತರುವಾಗ ಪುಟವನ್ನು ಹೊಸದಾಗಿ ಕಟ್ಟಿದಷ್ಟೇ ಕೆಲಸ ಬೀಳುತ್ತದೆ. ಅವರು ಇಂಟರ್‌ನೆಟ್ ಸಂಪರ್ಕ ತೆಗೆದ ಹಳೆಯ ಯಂತ್ರದಲ್ಲಿ ಪೇಜ್‌ಮೇಕರ್ ಇಟ್ಟುಕೊಂಡು, ಹೊಸ ಕೆಲಸಗಳನ್ನು ಮಾತ್ರ ಯೂನಿಕೋಡಿನಲ್ಲಿ ಆರಂಭಿಸುವುದು ಕ್ಷೇಮ.

ಪ್ರಿಂಟರ್, ಟೋಕನ್, ಬೆರಳಿಡುವ ಸಾಧನ

ಈಚಿನ ವೈಫೈ ಪ್ರಿಂಟರುಗಳನ್ನು ಲಿನಕ್ಸ್ ತಾನಾಗಿ ಗುರುತಿಸುತ್ತದೆ, ಡ್ರೈವರ್ ಸಿಡಿ ಬೇಡ. ತಕರಾರು ಹಳೆಯ ಯುಎಸ್‌ಬಿ ಲೇಸರ್ ಪ್ರಿಂಟರುಗಳದ್ದು. ನಮ್ಮ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಸಾಮಾನ್ಯವಾದ ಕ್ಯಾನನ್ ಎಲ್‌ಬಿಪಿ 2900ಕ್ಕೆ ಪ್ರತ್ಯೇಕ ಡ್ರೈವರ್ ಹುಡುಕಿ ಹಾಕಬೇಕು, ಅದು ಸಲೀಸಾದ ಕೆಲಸವಲ್ಲ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಯ ಲಿನಕ್ಸ್ ತಂತ್ರಾಂಶವೂ ಅದರ ಜೊತೆ ಒಂದು ಪ್ಲಗಿನ್ನೂ ಬೇಕು, ಹಾಕಿದರೆ ಕೆಲಸ ಮಾಡುತ್ತದೆ. ಮುದ್ರಿಸಿದಾಗ ಅಂಚು ಕತ್ತರಿಸಿ ಹೋದರೆ ಪ್ರಿಂಟರನ್ನು ದೂರಬೇಡಿ. ಇನ್‌ಸ್ಟಾಲ್ ಮಾಡುವಾಗ ಅಮೆರಿಕದ ಇಂಗ್ಲಿಷ್ ಆರಿಸಿದ್ದರೆ ಕಾಗದದ ಅಳತೆ ಎ4 ಬದಲು ಲೆಟರ್ ಆಗಿ ಕೂತಿರುತ್ತದೆ. ‘ಇಂಗ್ಲಿಷ್, ಇಂಡಿಯಾ’ ಆರಿಸಿದರೆ ಕಾಗದದ ಜೊತೆ ರೂಪಾಯಿ ಚಿಹ್ನೆಯೂ ದಿನಾಂಕದ ಕ್ರಮವೂ ಸರಿಹೋಗುತ್ತವೆ.

ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ವೈನ್ ಎಂಬ ಹೊಂದಾಣಿಕೆಯ ತಂತ್ರಾಂಶದ ಮೂಲಕ ಓಡಿಸುವವರಿದ್ದಾರೆ, ಆದರೆ ವ್ಯಾಪಾರದ ಲೆಕ್ಕವನ್ನು ಅದರ ಮೇಲೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಡಿಜಿಟಲ್ ಸಹಿಯ ಟೋಕನ್ನುಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಇದೆ, ಜಾಲತಾಣದ ಸಹಿ ತಂತ್ರಾಂಶ ಅದಕ್ಕೆ ಹೊಂದುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಸ್ವಂತ ಹೆಸರಿನ ಅಂಗಡಿಯವರು ಜಿಎಸ್‌ಟಿ ವಿವರವನ್ನು ಒಟಿಪಿಯಿಂದಲೇ ದೃಢೀಕರಿಸಬಹುದು, ಆದಾಯ ತೆರಿಗೆಗೂ ಆಧಾರ್ ಒಟಿಪಿ ಸಾಕು. ಅವರಿಗೆ ಬ್ರೌಸರ್ ಇದ್ದರಾಯಿತು. ಕಂಪನಿಗಳಿಗೆ ಟೋಕನ್ ಕಡ್ಡಾಯ, ಹಾಗಾಗಿ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಂದಾದರೂ ವಿಂಡೋಸ್ ಯಂತ್ರ ಇರಲೇಬೇಕು. ಆಧಾರ್‌ಗೆ ಬೆರಳಿಡುವ ಸಾಧನಗಳ ತಂತ್ರಾಂಶವೂ ಬಹುಪಾಲು ವಿಂಡೋಸ್, ಆಂಡ್ರಾಯ್ಡ್‌ಗೆ ಮಾಡಿದ್ದು. ಗ್ರಾಮ ಒನ್‌ನಂಥ ಸೇವಾ ಕೇಂದ್ರ ನಡೆಸುವವರು ಸದ್ಯಕ್ಕೆ ಬದಲಿಸದಿರುವುದೇ ಒಳ್ಳೆಯದು.

ಕೊನೆಗೆ, ಲಿನಕ್ಸ್ ಹಾಕುವುದು

ಲಿನಕ್ಸಿನಲ್ಲಿ ನೂರಾರು ಬಗೆಗಳಿವೆ. ಆರಂಭಕ್ಕೆ ಲಿನಕ್ಸ್ ಮಿಂಟ್ ಸಾಕು. ಮೆನು ಎಡಗಡೆ ಕೆಳಗೇ ಇರುತ್ತದೆ, ಕೈಗೆ ಹೊಸದೆನಿಸುವುದಿಲ್ಲ, 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. 8 ಜಿಬಿ ರ್‍ಯಾಮ್ ಇದ್ದರೆ ಮಿಂಟಿನ ಸಿನಮನ್ ರೂಪ, 4 ಜಿಬಿ ಆದರೆ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ.

8 ಜಿಬಿಯ ಪೆನ್‌ಡ್ರೈವಿಗೆ ಅದನ್ನು ಬರೆದುಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಡಿಸ್ಕಿಗೆ ಏನೂ ಆಗದಂತೆ ಲಿನಕ್ಸ್ ಓಡುತ್ತದೆ. ಒಂದು ಮಧ್ಯಾಹ್ನ ಇದಕ್ಕೆ ಮೀಸಲಿಡಿ. ವೈಫೈ, ಸ್ಪೀಕರ್, ಕ್ಯಾಮೆರಾ, ಪರದೆಯ ಬೆಳಕು, ಮುಚ್ಚಿ ತೆರೆದಾಗ ಎದ್ದೇಳುವುದು, ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಪ್ರಿಂಟರ್, ಇವನ್ನು ಅಲ್ಲೇ ನೋಡಿ. ವೈಫೈ ಬಾರದಿದ್ದರೆ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಹಾಕಿ, ಇಂಟರ್‌ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ಬೇಕಾದ್ದನ್ನು ತಂದುಕೊಳ್ಳುತ್ತದೆ.

ಒಂದೇ ಡಿಸ್ಕನ್ನು ಹೋಳು ಮಾಡಿ ಎರಡೂ ವ್ಯವಸ್ಥೆ ಇಟ್ಟುಕೊಳ್ಳುವ ದಾರಿಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಒಳ್ಳೆಯ ದಾರಿ ನನಗೆ ಕಂಡಿರುವುದು ಹೊಸ ಎಸ್‌ಎಸ್‌ಡಿ. ಹಳೆಯ ಲ್ಯಾಪ್‌ಟಾಪ್ ತೆವಳುವುದಕ್ಕೆ ಮುಖ್ಯ ಕಾರಣ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ಬಿಚ್ಚಿಸಿ 256 ಜಿಬಿಯ ಎಸ್‌ಎಸ್‌ಡಿ ಕೂರಿಸಿ, ಲಿನಕ್ಸನ್ನು ಅದರಲ್ಲಿ ಹಾಕಿ. ಯಂತ್ರ ಚುರುಕಾಗುತ್ತದೆ, ವಿಂಡೋಸ್ ಇರುವ ಹಳೆಯ ಡಿಸ್ಕ್ ಮುಟ್ಟದ ಹಾಗೆ ಉಳಿಯುತ್ತದೆ, ಬೇಕಾದಾಗ ಮರಳಿ ಕೂರಿಸಿದರೆ ಹಿಂದಿನದೇ ಕಂಪ್ಯೂಟರ್. ಯುಎಸ್‌ಬಿ ಕೇಸಿಗೆ ಹಾಕಿಕೊಂಡರೆ ಅದರಲ್ಲಿನ ಫೈಲುಗಳನ್ನು ಲಿನಕ್ಸಿನಿಂದಲೇ ನಕಲಿಸಿಕೊಳ್ಳಬಹುದು.

ಒಂದೇ ಡಿಸ್ಕಿನಲ್ಲಿ ಎರಡೂ ಇರಲೆನ್ನುವವರು ಮೂರು ಎಚ್ಚರಿಕೆ ಮರೆಯಬಾರದು. ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕೆಯ ರಿಕವರಿ ಕೀಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ, ಅದಿಲ್ಲದೆ ಆಮೇಲೆ ವಿಂಡೋಸ್ ಬಾಗಿಲು ತೆರೆಯದು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿಡಿ. ಅದು ಇದ್ದಷ್ಟು ದಿನ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸಿನಿಂದ ಆ ಡ್ರೈವಿನಲ್ಲಿ ಏನನ್ನೂ ಬರೆಯಲಾಗದು. ಇನ್ನು ಗಡಿಯಾರ. ಕಂಪ್ಯೂಟರಿನ ಒಳಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ವೇಳೆ ಇಡುತ್ತದೆ, ಲಿನಕ್ಸ್ ಜಾಗತಿಕ ವೇಳೆ ಇಡುತ್ತದೆ. ಹಾಗಾಗಿ ಲಿನಕ್ಸ್ ಬಳಸಿ ವಿಂಡೋಸಿಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತದೆ, ಅದರಿಂದ ಬ್ಯಾಂಕಿನ ಜಾಲತಾಣಗಳೂ ಮೊಂಡು ಹಿಡಿಯಬಹುದು. ಲಿನಕ್ಸನ್ನೂ ಸ್ಥಳೀಯ ವೇಳೆಗೆ ತರುವ ಒಂದು ಸಾಲಿನ ಆದೇಶವಿದೆ, ‘ಲೋಕಲ್ ಆರ್‌ಟಿಸಿ’ ಎಂದು ಹುಡುಕಿದರೆ ಸಿಗುತ್ತದೆ.

ಹಾಕಿದ ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ಪ್ರತಿ ಉಳಿಸಿಡಿ. ಮುಂದೆ ಯಾವ ಅಪ್‌ಡೇಟ್ ಕೆಡಿಸಿದರೂ ಆ ದಿನಕ್ಕೆ ಮರಳಬಹುದು. ನಿಮ್ಮ ಫೈಲುಗಳು ಅದರಲ್ಲಿ ಸೇರುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಇರಲಿ. ತಂತ್ರಾಂಶ ಬೇಕಾದಾಗ ಜಾಲತಾಣಗಳಿಂದ ಇಳಿಸಿಕೊಳ್ಳುವ ಅಭ್ಯಾಸ ಬಿಟ್ಟು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಹುಡುಕಿ. ವಾಟ್ಸ್ಆ್ಯಪನ್ನು ಬ್ರೌಸರಿನಲ್ಲಿ ತೆರೆದುಕೊಳ್ಳಬೇಕು.

ಹಳೆಯ ಡಿಸ್ಕನ್ನು ಮಾತ್ರ ಅವಸರಪಟ್ಟು ಅಳಿಸಬೇಡಿ. ವರ್ಷಕ್ಕೊಮ್ಮೆಯಷ್ಟೇ ಬೀಳುವ ಕೆಲಸಗಳಿರುತ್ತವೆ: ಮಾರ್ಚ್ ಕೊನೆಯ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ಜುಲೈಯ ತೆರಿಗೆ ವಿವರ, ಸಂಘದ ವಾರ್ಷಿಕ ವರದಿ. ಯಾವ ಫೈಲು, ಯಾವ ಚಿಕ್ಕ ತಂತ್ರಾಂಶ ಬಿಟ್ಟುಹೋಗಿದೆಯೆಂದು ಗೊತ್ತಾಗುವುದು ಆಗಲೇ. ಒಂದು ಪೂರ್ತಿ ವರ್ಷ ಆ ಡಿಸ್ಕಿನ ಮೇಲೆ ದಿನಾಂಕ ಬರೆದು ಕಪಾಟಿನಲ್ಲಿಡಿ.